ಆರಂಭಿಕ ಬಾಲ್ಯದಲ್ಲಿ ದೈಹಿಕ ಬೆಳವಣಿಗೆ ಮತ್ತು ವಿಕಾಸ: ತೂಕದೊಡನೆ ಉದ್ದವನ್ನೂ ಏಕೆ ಅಳೆಯಬೇಕು?

ಮೈಸೂರು ನಗರದ ಸರಸ್ವತಿಪುರಂ ಬಡಾವಣೆಯ ಉದ್ಯಾನವನಗಳಲ್ಲಿ ಸಂಜೆಯ ವೇಳೆ ಎಳೆಯ ಮಕ್ಕಳನ್ನು ಎತ್ತಿಕೊಂಡು ಬರುವ ತಾಯಂದಿರು ಹಾಗೂ ಅಜ್ಜಿಯರು ಪರಸ್ಪರ ಕೇಳಿಕೊಳ್ಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ ಆಗಿರುತ್ತದೆ: ಮಗು ಈಗ ಎಷ್ಟು ಕೆ.ಜಿ. ಇದೆ? ಮಗು ಎಷ್ಟು ಉದ್ದ ಬೆಳೆದಿದೆ ಎಂದು ವಿಚಾರಿಸುವವರು ವಿರಳ. ಕೆನ್ನೆ ತುಂಬಿಕೊಂಡ ಮಗುವನ್ನು ಕಂಡರೆ ‘ದೃಷ್ಟಿಯಾದೀತು’ ಎನ್ನುವುದು, ತೆಳ್ಳಗಿರುವ ಮಗುವನ್ನು ಕಂಡರೆ ‘ಹಾಲು ಸಾಲುತ್ತಿಲ್ಲವೇನೋ’ ಎನ್ನುವುದು ರೂಢಿ. ಇವೆರಡೂ ಕಣ್ಣಳತೆಯ ತೀರ್ಮಾನಗಳು. ಕಣ್ಣಳತೆಗೆ ನಿಲುಕದ ಕೆಲವು ಅಳತೆಗಳು ಮಗುವಿನ ಮುಂದಿನ ಆರೋಗ್ಯದೊಂದಿಗೆ ನಿಕಟ ಸಂಬಂಧ ಹೊಂದಿರುತ್ತವೆ ಎಂಬುದನ್ನು ತೋರಿಸಿಕೊಟ್ಟ ಅಧ್ಯಯನಗಳಲ್ಲಿ ಕೆಲವು ಇದೇ ಮೈಸೂರು ನಗರದಲ್ಲಿ ನಡೆದಿವೆ. ಆ ಹಿನ್ನೆಲೆಯಲ್ಲಿ, ಹುಟ್ಟಿನಿಂದ ಐದು ವರ್ಷದವರೆಗಿನ ಮಕ್ಕಳ ದೈಹಿಕ ಬೆಳವಣಿಗೆಯನ್ನು ಕುರಿತ ಮಾಹಿತಿಯನ್ನು ಪೋಷಕರ ಅನುಕೂಲಕ್ಕಾಗಿ ಇಲ್ಲಿ ನೀಡಲಾಗಿದೆ.

ಬೆಳವಣಿಗೆ ಎಂದರೇನು, ವಿಕಾಸ ಎಂದರೇನು?

ದೇಹದ ತೂಕ, ಉದ್ದ, ತಲೆಯ ಸುತ್ತಳತೆ ಮುಂತಾಗಿ ಅಳೆಯಬಹುದಾದ ಹೆಚ್ಚಳಕ್ಕೆ ಬೆಳವಣಿಗೆ ಎಂದು ಹೆಸರು. ಕತ್ತು ನಿಲ್ಲುವುದು, ಕೂರುವುದು, ನಡೆಯುವುದು, ವಸ್ತುವನ್ನು ಬೆರಳ ತುದಿಯಲ್ಲಿ ಹಿಡಿಯುವುದು, ಮಾತನಾಡುವುದು ಮುಂತಾದ ಸಾಮರ್ಥ್ಯಗಳು ಕ್ರಮವಾಗಿ ಮೂಡುವುದಕ್ಕೆ ವಿಕಾಸ ಎಂದು ಹೆಸರು. ಇವೆರಡೂ ಜೊತೆಜೊತೆಯಾಗಿ ಸಾಗಿದರೂ ಒಂದನ್ನು ನೋಡಿ ಇನ್ನೊಂದನ್ನು ಊಹಿಸಲಾಗದು. ತೂಕದಲ್ಲಿ ಮುಂದಿರುವ ಮಗು ನಡಿಗೆಯಲ್ಲಿ ಹಿಂದಿರಬಹುದು.

ಗರ್ಭಾವಸ್ಥೆಯ ಸುಮಾರು 270 ದಿನಗಳು ಹಾಗೂ ಮೊದಲ ಎರಡು ವರ್ಷಗಳ 730 ದಿನಗಳು ಸೇರಿದ ಒಂದು ಸಾವಿರ ದಿನಗಳ ಅವಧಿಯಲ್ಲಿ ಬೆಳವಣಿಗೆಯು ಅತ್ಯಂತ ವೇಗವಾಗಿರುತ್ತದೆ. ಈ ಅವಧಿಯಲ್ಲಿ ಉಂಟಾದ ಎತ್ತರದ ಕೊರತೆಯನ್ನು ಮುಂದೆ ಪೂರ್ಣವಾಗಿ ತುಂಬಿಕೊಳ್ಳುವುದು ಕಷ್ಟ. ತೂಕದ ಕೊರತೆಯಾದರೋ ಆಹಾರ ಹಾಗೂ ಆರೈಕೆಯಿಂದ ಕೆಲವೇ ವಾರಗಳಲ್ಲಿ ಸರಿಹೋಗಬಹುದು. ತೂಕವನ್ನು ಮಾತ್ರ ನೋಡುತ್ತಾ ಕುಳಿತರೆ ಸರಿಪಡಿಸಲು ಸುಲಭವಾದುದು ಕಾಣುತ್ತದೆ, ಕಷ್ಟವಾದುದು ಕಾಣದೆ ಉಳಿಯುತ್ತದೆ.

ಮಿಷನ್ ಆಸ್ಪತ್ರೆಯ ಹಳೆಯ ರಿಜಿಸ್ಟರುಗಳು

ಮೈಸೂರಿನ ಮಂಡಿ ಮೊಹಲ್ಲಾದಲ್ಲಿರುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ನಗರದ ಜನರು ‘ಮಿಷನ್ ಆಸ್ಪತ್ರೆ’ ಎಂದೇ ಕರೆಯುತ್ತಾರೆ. 1906ರಲ್ಲಿ ಆರಂಭವಾದ ಈ ಆಸ್ಪತ್ರೆಯಲ್ಲಿ 1934ರಿಂದ ಜನಿಸಿದ ಶಿಶುಗಳ ತೂಕ, ಉದ್ದ ಹಾಗೂ ತಲೆಯ ಸುತ್ತಳತೆಯನ್ನು ಹೆರಿಗೆ ರಿಜಿಸ್ಟರುಗಳಲ್ಲಿ ದಾಖಲಿಸಲಾಗಿತ್ತು. ತಾಯಿಯ ತೂಕವನ್ನೂ ಬರೆದಿಡಲಾಗಿತ್ತು. ಆ ಕಾಲದಲ್ಲಿ ಇಂತಹ ಪೂರ್ಣ ದಾಖಲೆಗಳು ದೊರೆಯುವುದು ಅಪರೂಪ. ದಿನನಿತ್ಯದ ಕರ್ತವ್ಯವಾಗಿ ಈ ಅಂಕಿಗಳನ್ನು ಬರೆದ ದಾದಿಯರಿಗೆ, ಅರ್ಧ ಶತಮಾನದ ನಂತರ ಅವುಗಳಿಗೆ ಬರಲಿದ್ದ ಬೆಲೆಯ ಅರಿವು ಇದ್ದಿರಲಾರದು.

1990ರ ದಶಕದಲ್ಲಿ ಬ್ರಿಟನ್ನಿನ ಸೌತಾಂಪ್ಟನ್‌ನ ಸಂಶೋಧಕರ ಸಹಯೋಗದೊಂದಿಗೆ ಈ ರಿಜಿಸ್ಟರುಗಳನ್ನು ಆಧರಿಸಿ, ಅಲ್ಲಿ ಜನಿಸಿ ಆಸ್ಪತ್ರೆಯ ಆಸುಪಾಸಿನಲ್ಲಿಯೇ ವಾಸವಾಗಿದ್ದ ವ್ಯಕ್ತಿಗಳನ್ನು ಪತ್ತೆಹಚ್ಚಿ ಪರೀಕ್ಷಿಸಲಾಯಿತು. 1934ರಿಂದ 1954ರ ನಡುವೆ ಜನಿಸಿದ್ದ 517 ಸ್ತ್ರೀ ಪುರುಷರ ಪರೀಕ್ಷೆಯ ಫಲಿತಾಂಶವು 1996ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಹುಟ್ಟಿದಾಗ ಐದೂವರೆ ಪೌಂಡ್ (ಸುಮಾರು 2.5 ಕೆ.ಜಿ.) ಅಥವಾ ಅದಕ್ಕಿಂತ ಕಡಿಮೆ ತೂಕವಿದ್ದವರಲ್ಲಿ ಶೇ. 11ರಷ್ಟು ಜನರಿಗೆ ಹೃದಯದ ರಕ್ತನಾಳಗಳ ಕಾಯಿಲೆ ಇತ್ತು. ಏಳು ಪೌಂಡ್ (ಸುಮಾರು 3.2 ಕೆ.ಜಿ.) ಅಥವಾ ಅದಕ್ಕಿಂತ ಹೆಚ್ಚು ತೂಕದೊಂದಿಗೆ ಜನಿಸಿದವರಲ್ಲಿ ಈ ಪ್ರಮಾಣ ಶೇ. 3ರಷ್ಟಿತ್ತು. ಕಡಿಮೆ ತೂಕದ ತಾಯಂದಿರಿಗೆ ಕಡಿಮೆ ತೂಕದೊಂದಿಗೆ ಜನಿಸಿದವರಲ್ಲಿ ಅದು ಇನ್ನೂ ಅಧಿಕವಾಗಿತ್ತು. ಗರ್ಭದಲ್ಲಿನ ಪೋಷಣೆಗೂ ನಡುವಯಸ್ಸಿನ ಹೃದ್ರೋಗಕ್ಕೂ ಸಂಬಂಧವಿದೆ ಎಂದು ಬ್ರಿಟನ್ನಿನ ವೈದ್ಯ ಡೇವಿಡ್ ಬಾರ್ಕರ್ ಮಂಡಿಸಿದ್ದ ವಿಚಾರಕ್ಕೆ ಭಾರತದಿಂದ ದೊರೆತ ಮಹತ್ವದ ಪುಷ್ಟಿ ಇದಾಗಿತ್ತು.

ಸಕ್ಕರೆ ಕಾಯಿಲೆಯ ವಿಷಯದಲ್ಲಿ ದೊರೆತ ಫಲಿತಾಂಶ ಬೇರೆಯೇ ಆಗಿತ್ತು. 1998ರಲ್ಲಿ ಪ್ರಕಟವಾದ ಈ ಅಧ್ಯಯನದಂತೆ, ಸಕ್ಕರೆ ಕಾಯಿಲೆ ಹೆಚ್ಚಾಗಿ ಕಂಡುಬಂದದ್ದು ಹುಟ್ಟಿದಾಗ ತೂಕಕ್ಕೆ ಹೋಲಿಸಿದರೆ ಉದ್ದ ಕಡಿಮೆ ಇದ್ದವರಲ್ಲಿ, ಅಂದರೆ ಗಿಡ್ಡವಾಗಿ ದುಂಡಗಿದ್ದ ಶಿಶುಗಳಲ್ಲಿ. ರಿಜಿಸ್ಟರಿನಲ್ಲಿ ತೂಕದ ಕಾಲಂ ಮಾತ್ರವಿದ್ದು ಉದ್ದದ ಕಾಲಂ ಇಲ್ಲದೆ ಹೋಗಿದ್ದಲ್ಲಿ ಈ ಅಂಶ ಬೆಳಕಿಗೆ ಬರುತ್ತಲೇ ಇರಲಿಲ್ಲ.

ಇದೇ ಆಸ್ಪತ್ರೆಯಲ್ಲಿ 1997–98ರಲ್ಲಿ 830 ಗರ್ಭಿಣಿಯರನ್ನು ನೋಂದಾಯಿಸಿಕೊಂಡು ಇನ್ನೊಂದು ಅಧ್ಯಯನವನ್ನು ಆರಂಭಿಸಲಾಯಿತು. ‘ಪಾರ್ಥೆನಾನ್ ಅಧ್ಯಯನ’ ಎಂದು ಕರೆಯಲಾಗುವ ಇದರಲ್ಲಿ, ಅವರಿಗೆ ಜನಿಸಿದ ಮಕ್ಕಳನ್ನು ಹುಟ್ಟಿನಿಂದಲೇ ಕಾಲಕಾಲಕ್ಕೆ ಅಳೆಯುತ್ತಾ ಬರಲಾಯಿತು. ಡಾ. ಜಿ.ವಿ. ಕೃಷ್ಣವೇಣಿ ಹಾಗೂ ಸಹೋದ್ಯೋಗಿಗಳು 2005ರಲ್ಲಿ ಪ್ರಕಟಿಸಿದ ವಿವರಗಳಂತೆ, ಮೈಸೂರಿನ ನವಜಾತ ಶಿಶುಗಳು ಬ್ರಿಟನ್ನಿನ ಶಿಶುಗಳಿಗಿಂತ ತೂಕದಲ್ಲಿಯೂ ತೋಳಿನ ಸುತ್ತಳತೆಯಲ್ಲಿಯೂ ಸಾಕಷ್ಟು ಚಿಕ್ಕವಾಗಿದ್ದವು. ಆದರೆ ಬೆನ್ನಿನ ಮೇಲ್ಭಾಗದಲ್ಲಿ, ಹೆಗಲ ಮೂಳೆಯ ಕೆಳಗೆ ಚರ್ಮದಡಿಯ ಕೊಬ್ಬಿನ ಪದರವನ್ನು ಅಳೆದಾಗ ವ್ಯತ್ಯಾಸ ಅತ್ಯಲ್ಪವಾಗಿತ್ತು. ನಾಲ್ಕು ವರ್ಷ ತುಂಬುವ ವೇಳೆಗೆ ಉಳಿದೆಲ್ಲಾ ಅಳತೆಗಳಲ್ಲಿ ಹಿಂದಿದ್ದ ಈ ಮಕ್ಕಳು ಕೊಬ್ಬಿನ ಈ ಅಳತೆಯಲ್ಲಿ ಮಾತ್ರ ಬ್ರಿಟನ್ನಿನ ಮಾನದಂಡವನ್ನು ಮೀರಿದ್ದರು. ಮೂಳೆ ಮತ್ತು ಮಾಂಸಖಂಡಗಳಲ್ಲಿ ಕೊರತೆ, ಕೊಬ್ಬಿನಲ್ಲಿ ಕೊರತೆ ಇಲ್ಲ: ಭಾರತೀಯ ಶಿಶುವಿನ ದೇಹರಚನೆಯ ಈ ಲಕ್ಷಣವನ್ನು ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರೂ ಗುರುತಿಸಿದ್ದಾರೆ. ತಕ್ಕಡಿಯು ಮೂಳೆ, ಮಾಂಸ, ಕೊಬ್ಬುಗಳನ್ನು ಒಟ್ಟಾಗಿ ತೂಗುತ್ತದೆಯೇ ಹೊರತು ಬೇರ್ಪಡಿಸಿ ಹೇಳುವುದಿಲ್ಲ.

ಈ ಅಧ್ಯಯನದ ಗರ್ಭಿಣಿಯರಲ್ಲಿ ರಕ್ತದ ಸಕ್ಕರೆ ಅಂಶದ ಪರೀಕ್ಷೆಗೆ ಒಳಗಾದವರ ಪೈಕಿ ಶೇ. 6.2ರಷ್ಟು ಜನರಿಗೆ ಗರ್ಭಾವಸ್ಥೆಯ ಸಕ್ಕರೆ ಕಾಯಿಲೆ ಇದ್ದುದು ಪತ್ತೆಯಾಯಿತು. ಅಂತಹ ತಾಯಂದಿರ ಮಕ್ಕಳು, ಅದರಲ್ಲಿಯೂ ಹೆಣ್ಣುಮಕ್ಕಳು, ಐದನೆಯ ವರ್ಷದಲ್ಲಿ ಇತರ ಮಕ್ಕಳಿಗಿಂತ ಹೆಚ್ಚು ಕೊಬ್ಬು ಹೊಂದಿದ್ದರು. ಆದ್ದರಿಂದ ಗರ್ಭಿಣಿಯರು ಸಕ್ಕರೆ ಅಂಶದ ಪರೀಕ್ಷೆಯನ್ನು ತಪ್ಪಿಸತಕ್ಕದ್ದಲ್ಲ. ಮೇಲಿನ ಫಲಿತಾಂಶಗಳು ಜನಸಮೂಹಕ್ಕೆ ಸಂಬಂಧಿಸಿದ ಪ್ರಮಾಣಗಳೇ ಹೊರತು ಯಾವುದೇ ಒಂದು ಮಗುವಿನ ಹಣೆಬರಹವಲ್ಲ ಎಂಬುದನ್ನೂ ಗಮನಿಸಬೇಕು. ಎರಡೂವರೆ ಕೆ.ಜಿ. ತೂಕದೊಂದಿಗೆ ಜನಿಸಿದವರಲ್ಲಿಯೂ ಬಹುಪಾಲು ಜನರಿಗೆ ಹೃದಯದ ಕಾಯಿಲೆ ಇರಲಿಲ್ಲ.

ಬೆಳವಣಿಗೆಯ ಸಾಮಾನ್ಯ ಗತಿ

ಪೂರ್ಣಾವಧಿಗೆ ಜನಿಸಿದ ಶಿಶುವಿನ ತೂಕ 2.5 ಕೆ.ಜಿ.ಗಿಂತ ಕಡಿಮೆ ಇರಬಾರದು. ಮೊದಲ ಕೆಲವು ದಿನಗಳಲ್ಲಿ ಶಿಶುವಿನ ತೂಕ ಶೇ. 10ರವರೆಗೆ ಇಳಿಯಬಹುದು, ಸಾಮಾನ್ಯವಾಗಿ ಹತ್ತರಿಂದ ಹದಿನಾಲ್ಕು ದಿನಗಳೊಳಗೆ ಅದು ಮರಳಿ ಬರುತ್ತದೆ. ಬಾಣಂತನದ ಮನೆಯಲ್ಲಿ ಇದನ್ನು ಕಂಡು ಗಾಬರಿಗೊಂಡು ಹೊರಗಿನ ಹಾಲು ಆರಂಭಿಸುವುದು ಸರಿಯಲ್ಲ. ಸುಮಾರು ಐದನೆಯ ತಿಂಗಳಿಗೆ ಜನನ ತೂಕವು ಎರಡರಷ್ಟು, ಒಂದು ವರ್ಷಕ್ಕೆ ಮೂರರಷ್ಟು, ಎರಡು ವರ್ಷಕ್ಕೆ ನಾಲ್ಕರಷ್ಟು ಆಗುತ್ತದೆ. ಹುಟ್ಟಿದಾಗ ಸುಮಾರು 50 ಸೆಂ.ಮೀ. ಉದ್ದವಿರುವ ಶಿಶು ಮೊದಲ ವರ್ಷದಲ್ಲಿ ಸುಮಾರು 25 ಸೆಂ.ಮೀ., ಎರಡನೆಯ ವರ್ಷದಲ್ಲಿ ಸುಮಾರು 12 ಸೆಂ.ಮೀ. ಬೆಳೆಯುತ್ತದೆ. ತಲೆಯ ಸುತ್ತಳತೆ ಹುಟ್ಟಿದಾಗ 34ರಿಂದ 35 ಸೆಂ.ಮೀ. ಇದ್ದು ಒಂದು ವರ್ಷಕ್ಕೆ 45ರಿಂದ 46 ಸೆಂ.ಮೀ. ಆಗುತ್ತದೆ.

ಎರಡನೆಯ ವರ್ಷದಲ್ಲಿ ಮಗುವಿನ ತೂಕ ಹೆಚ್ಚುವುದು ಎರಡೂವರೆ ಕೆ.ಜಿ.ಯಷ್ಟು ಮಾತ್ರ. ಅದಕ್ಕೆ ತಕ್ಕಂತೆ ಹಸಿವೂ ತಗ್ಗುತ್ತದೆ. ‘ಮೊದಲು ಚೆನ್ನಾಗಿ ತಿನ್ನುತ್ತಿತ್ತು, ಈಗ ಬಾಯಿ ಬಿಡುವುದಿಲ್ಲ’ ಎಂಬ ದೂರು ಈ ವಯಸ್ಸಿಗೇ ಹೆಚ್ಚಾಗಿ ಬರುವುದಕ್ಕೆ ಇದು ಕಾರಣ. ಬೆಳವಣಿಗೆಯ ರೇಖೆ ಸರಿಯಾಗಿದ್ದಲ್ಲಿ ಟಿ.ವಿ. ಅಥವಾ ಮೊಬೈಲ್ ತೋರಿಸಿ ತುರುಕುವ ಅಗತ್ಯವಿರುವುದಿಲ್ಲ.

ಬೆಳವಣಿಗೆ ನಕ್ಷೆಯನ್ನು ಓದುವ ಬಗೆ

ವಿಶ್ವ ಆರೋಗ್ಯ ಸಂಸ್ಥೆಯು 1997ರಿಂದ 2003ರವರೆಗೆ ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್ ಮತ್ತು ಅಮೆರಿಕ ದೇಶಗಳ ಸುಮಾರು 8,500 ಮಕ್ಕಳನ್ನು ಅಳೆದು 2006ರಲ್ಲಿ ಬೆಳವಣಿಗೆಯ ಮಾನದಂಡಗಳನ್ನು ಪ್ರಕಟಿಸಿತು. ಭಾರತದ ಮಕ್ಕಳನ್ನು ಆರಿಸಿದ್ದು ದಕ್ಷಿಣ ದೆಹಲಿಯಿಂದ. ತಾಯಿಯ ಹಾಲು, ಸೂಕ್ತ ಆಹಾರ, ಶುಚಿಯಾದ ಪರಿಸರ ದೊರೆತಲ್ಲಿ ಈ ಆರು ದೇಶಗಳ ಎಳೆಯ ಮಕ್ಕಳು ಬಹುತೇಕ ಒಂದೇ ರೀತಿ ಉದ್ದ ಬೆಳೆಯುತ್ತಾರೆ ಎಂಬುದು ಇದರಿಂದ ತಿಳಿದುಬಂತು. ‘ನಮ್ಮ ಮನೆತನದವರೇ ಕುಳ್ಳು’ ಎಂಬ ಸಮಾಧಾನವನ್ನು ಐದು ವರ್ಷದೊಳಗಿನ ಮಗುವಿನ ವಿಷಯದಲ್ಲಿ ಸುಲಭವಾಗಿ ಒಪ್ಪುವಂತಿಲ್ಲ. ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಲ್ಲಿ 2008ರಿಂದ ಈ ಮಾನದಂಡಗಳನ್ನೇ ಅಳವಡಿಸಿಕೊಳ್ಳಲಾಗಿದೆ. ನಕ್ಷೆಯಲ್ಲಿ ಹಸಿರು ಪಟ್ಟಿ ಸಾಮಾನ್ಯ ತೂಕವನ್ನು, ಹಳದಿ ಪಟ್ಟಿ ಸಾಧಾರಣ ಕಡಿಮೆ ತೂಕವನ್ನು, ಕಿತ್ತಳೆ ಪಟ್ಟಿ ತೀವ್ರ ಕಡಿಮೆ ತೂಕವನ್ನು ಸೂಚಿಸುತ್ತದೆ.

ಹಸಿರು ಪಟ್ಟಿಯಲ್ಲಿ ಚುಕ್ಕೆ ಬಿದ್ದೊಡನೆ ನಿಶ್ಚಿಂತರಾಗುವುದು ವಾಡಿಕೆಯಲ್ಲಿರುವ ತಪ್ಪು. ಉದಾಹರಣೆಗೆ, ಒಂದು ಹೆಣ್ಣು ಮಗು ಆರನೆಯ ತಿಂಗಳಲ್ಲಿ 6.5 ಕೆ.ಜಿ., ಒಂಬತ್ತನೆಯ ತಿಂಗಳಲ್ಲಿ 7.3 ಕೆ.ಜಿ., ಹನ್ನೆರಡನೆಯ ತಿಂಗಳಲ್ಲಿ 7.9 ಕೆ.ಜಿ. ತೂಗುತ್ತದೆ ಎಂದಿಟ್ಟುಕೊಳ್ಳೋಣ. ಇನ್ನೊಂದು ಹೆಣ್ಣು ಮಗು ಅದೇ ತಿಂಗಳುಗಳಲ್ಲಿ 7.9, 8.0 ಹಾಗೂ 8.1 ಕೆ.ಜಿ. ತೂಗುತ್ತದೆ. ವರ್ಷ ತುಂಬಿದ ದಿನ ತೂಕದಲ್ಲಿ ಮುಂದಿರುವುದು ಎರಡನೆಯ ಮಗು. ಎರಡೂ ಹಸಿರು ಪಟ್ಟಿಯಲ್ಲಿಯೇ ಇವೆ. ಆದರೆ ಮೊದಲನೆಯ ಮಗು ಸರಾಸರಿಗಿಂತ ಕೆಳಗಿದ್ದರೂ ತನ್ನದೇ ರೇಖೆಯಲ್ಲಿ ಏರುತ್ತಿದೆ. ಎರಡನೆಯದು ಆರು ತಿಂಗಳಲ್ಲಿ ಗಳಿಸಿದ್ದು 200 ಗ್ರಾಂ ಮಾತ್ರ. ಅದರ ರೇಖೆ ಚಪ್ಪಟೆಯಾಗಿದೆ. ವೈದ್ಯರಲ್ಲಿಗೆ ಕರೆದೊಯ್ಯಬೇಕಾದದ್ದು ಈ ಮಗುವನ್ನು. ಬ್ಯಾಂಕಿನ ಪಾಸ್ ಪುಸ್ತಕದಲ್ಲಿ ಕೊನೆಯ ಸಾಲಿನ ಶಿಲ್ಕನ್ನು ಮಾತ್ರ ನೋಡಿದರೆ ಖಾತೆ ಏರುತ್ತಿದೆಯೋ ಕರಗುತ್ತಿದೆಯೋ ತಿಳಿಯದು, ನಕ್ಷೆಯೂ ಹಾಗೆಯೇ.

ಇನ್ನೊಂದು ಉದಾಹರಣೆಯನ್ನು ನೋಡಬಹುದು. ಎರಡು ವರ್ಷ ತುಂಬಿದ ಗಂಡು ಮಗುವಿನ ತೂಕ 10.6 ಕೆ.ಜಿ., ಉದ್ದ 80 ಸೆಂ.ಮೀ. ಎಂದಿರಲಿ. ವಯಸ್ಸಿಗೆ ಹೋಲಿಸಿದರೆ ತೂಕ ಹಸಿರು ಪಟ್ಟಿಯಲ್ಲಿದೆ. ಉದ್ದಕ್ಕೆ ಹೋಲಿಸಿದರೂ ತೂಕ ಸರಿಯಾಗಿಯೇ ಇದೆ. ಮಗು ನೋಡಲು ತುಂಬಿಕೊಂಡಿರುತ್ತದೆ. ಆದರೆ ಆ ವಯಸ್ಸಿನ ಗಂಡು ಮಗುವಿನ ಸರಾಸರಿ ಉದ್ದ ಸುಮಾರು 88 ಸೆಂ.ಮೀ.; ಕನಿಷ್ಠ ಮಿತಿ 81.7 ಸೆಂ.ಮೀ. ಈ ಮಗು ಅದಕ್ಕಿಂತಲೂ ಕೆಳಗಿದೆ. ಇದನ್ನೇ ಕುಂಠಿತ ಬೆಳವಣಿಗೆ ಎನ್ನಲಾಗುತ್ತದೆ. ದೀರ್ಘಕಾಲದ ಪೋಷಣೆಯ ಕೊರತೆ, ಪದೇ ಪದೇ ಬಂದುಹೋದ ಭೇದಿ ಮತ್ತು ಶ್ವಾಸಕೋಶದ ಸೋಂಕುಗಳು, ಗರ್ಭಾವಸ್ಥೆಯಲ್ಲಿ ತಾಯಿಯ ಅಪೌಷ್ಟಿಕತೆ ಇದಕ್ಕೆ ಮುಖ್ಯ ಕಾರಣಗಳು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಕ್ಕಳ ಎತ್ತರ ವಯಸ್ಸಿಗೆ ತಕ್ಕಂತೆ ಇರಲಿಲ್ಲ. ಎತ್ತರಕ್ಕೆ ತಕ್ಕ ತೂಕವಿಲ್ಲದ ಮಕ್ಕಳ ಪ್ರಮಾಣವು 2015–16ರಲ್ಲಿ ಶೇ. 26.1 ಇದ್ದದ್ದು ಶೇ. 19.5ಕ್ಕೆ ಇಳಿಯಿತು, ಆದರೆ ಕುಂಠಿತ ಬೆಳವಣಿಗೆಯು ಇದೇ ಅವಧಿಯಲ್ಲಿ ಶೇ. 36.2ರಿಂದ ಒಂದು ಅಂಶವಷ್ಟೂ ಕೆಳಗಿಳಿಯಲಿಲ್ಲ.

ಎರಡು ವರ್ಷದೊಳಗಿನ ಮಗುವನ್ನು ಹಲಗೆಯ ಮೇಲೆ ಮಲಗಿಸಿ, ಮೊಣಕಾಲನ್ನು ಮೆಲ್ಲಗೆ ಒತ್ತಿ, ಪಾದವನ್ನು ನೇರವಾಗಿರಿಸಿ ಉದ್ದವನ್ನು ಅಳೆಯಬೇಕು. ಎರಡು ವರ್ಷದ ನಂತರ ನಿಲ್ಲಿಸಿ ಅಳೆಯಬೇಕು. ಮಲಗಿಸಿ ಅಳೆದಾಗ ನಿಂತಾಗಿನದಕ್ಕಿಂತ ಸುಮಾರು 0.7 ಸೆಂ.ಮೀ. ಹೆಚ್ಚು ಬರುತ್ತದೆ. ಮನೆಯಲ್ಲಿ ಟೈಲರ್ ಟೇಪಿನಿಂದ ಕಾಲು ಮಡಚಿದ ಮಗುವನ್ನು ಅಳೆದು ಆತಂಕಪಡುವುದು ಬೇಡ. ಅಂಗನವಾಡಿ ಕೇಂದ್ರದಲ್ಲಿ ಅಥವಾ ಮಕ್ಕಳ ವೈದ್ಯರಲ್ಲಿ ಅಳೆಸುವುದು ಸೂಕ್ತ. ಲಸಿಕೆಗೆಂದು ಕರೆದೊಯ್ದಾಗಲೆಲ್ಲ ತೂಕದ ಜೊತೆಗೆ ಉದ್ದವನ್ನೂ ಅಳೆದು ಕಾರ್ಡಿನಲ್ಲಿ ಬರೆಯುವಂತೆ ಪೋಷಕರು ಕೇಳಿಕೊಳ್ಳಬಹುದು. ಅದು ಅವರ ಹಕ್ಕು.

ಆಹಾರ: ರಾಗಿ ಸರಿಯ ವಿಚಾರ

ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲನ್ನು ಆರಂಭಿಸಬೇಕು. ಹಳದಿ ಬಣ್ಣದ ಮೊದಲ ಹಾಲನ್ನು ಹಿಂಡಿ ಚೆಲ್ಲಬಾರದು. ಆರು ತಿಂಗಳು ತುಂಬುವವರೆಗೆ ಎದೆಹಾಲಿನ ಹೊರತು ನೀರು, ಜೇನುತುಪ್ಪ, ಸಕ್ಕರೆ ನೀರು, ತೇಯ್ದ ಬಜೆ ಯಾವುದನ್ನೂ ನೀಡುವ ಅಗತ್ಯವಿಲ್ಲ. ಶಿಶು ಹಾಲಿನ ಪುಡಿ, ಹಾಲಿನ ಬಾಟಲಿಗಳ ಜಾಹೀರಾತನ್ನು 1992ರ ಕಾಯ್ದೆಯಂತೆ ನಿಷೇಧಿಸಲಾಗಿದೆ.

ಆರು ತಿಂಗಳ ನಂತರ ಮೇಲಾಹಾರ ಆರಂಭವಾಗುತ್ತದೆ. ಬೆಳವಣಿಗೆಯ ರೇಖೆ ಚಪ್ಪಟೆಯಾಗಲು ಆರಂಭಿಸುವುದು ಬಹುತೇಕ ಈ ಹಂತದಲ್ಲಿಯೇ. ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ಈ ವಯಸ್ಸಿಗೆ ರಾಗಿ ಸರಿಯೇ ಮೊದಲ ಆಹಾರ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಸುಣ್ಣದ ಅಂಶವಿದೆ. ಬೇರಾವ ಧಾನ್ಯದಲ್ಲಿಯೂ ಇಷ್ಟಿಲ್ಲ. ಆದರೆ ತೊಡಕಿರುವುದು ಸರಿಯ ಹದದಲ್ಲಿ. ಹಿಟ್ಟು ಬೆಂದಾಗ ನೀರನ್ನು ಹೀರಿ ಗಟ್ಟಿಯಾಗುತ್ತದೆ. ಮಗು ನುಂಗಲಿ ಎಂದು ನೀರು ಬೆರೆಸಿ ತೆಳ್ಳಗೆ ಮಾಡಲಾಗುತ್ತದೆ. ಮಗುವಿನ ಹೊಟ್ಟೆ ಬಹಳ ಚಿಕ್ಕದು, ಒಂದು ಕೆ.ಜಿ. ತೂಕಕ್ಕೆ ಸುಮಾರು 30 ಮಿ.ಲೀ. ಮಾತ್ರ ಹಿಡಿಯುತ್ತದೆ. ತೆಳ್ಳನೆಯ ಸರಿಯಿಂದ ಹೊಟ್ಟೆ ತುಂಬುತ್ತದೆ, ಮಗು ನಿದ್ರಿಸುತ್ತದೆ, ಶಕ್ತಿ ಮಾತ್ರ ಸಾಲುವುದಿಲ್ಲ.

ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ಬಟ್ಟೆಯಲ್ಲಿ ಸೋಸುವ ಅಜ್ಜಿಯರ ಕ್ರಮದಲ್ಲಿ ಇದಕ್ಕೆ ಪರಿಹಾರವಿದೆ. ಮೊಳಕೆ ಒಡೆದಾಗ ಧಾನ್ಯದಲ್ಲಿ ಅಮೈಲೇಸ್ ಎಂಬ ಕಿಣ್ವ ಉಂಟಾಗುತ್ತದೆ. ಅದು ಪಿಷ್ಟವನ್ನು ಒಡೆಯುವುದರಿಂದ ಹೆಚ್ಚು ಹಿಟ್ಟು ಹಾಕಿದರೂ ಸರಿ ಗಟ್ಟಿಯಾಗುವುದಿಲ್ಲ. ಮೈಸೂರಿನಲ್ಲಿ 1950ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ (ಸಿ.ಎಫ್.ಟಿ.ಆರ್.ಐ.) ವಿಜ್ಞಾನಿಗಳಾದ ಎನ್.ಜಿ. ಮಲ್ಲೇಶಿ ಮತ್ತು ಎಚ್.ಎಸ್.ಆರ್. ದೇಸಿಕಾಚಾರ್ ಅವರು 1980ರ ದಶಕದ ಆರಂಭದಲ್ಲಿ ಮೊಳಕೆಯ ರಾಗಿ ಹಾಗೂ ಹೆಸರುಕಾಳನ್ನು ಬಳಸಿ, ಬೇಯಿಸಿದಾಗಲೂ ಗಟ್ಟಿಯಾಗದ ಶಿಶು ಆಹಾರವನ್ನು ರೂಪಿಸಿದರು. ಹೆಸರುಕಾಳು ಸೇರಿದ್ದರಿಂದ ರಾಗಿಯೊಂದರಲ್ಲಿ ಸಾಲದ ಪ್ರೋಟೀನಿನ ಕೊರತೆಯೂ ತುಂಬಿತು.

ಹಾಗೆಂದು ಒಂದು ವರ್ಷದವರೆಗೆ ರಾಗಿ ಸರಿಯೊಂದನ್ನೇ ನೀಡುತ್ತಾ ಹೋಗುವುದು ಸರಿಯಲ್ಲ. ರಾಗಿಯಲ್ಲಿನ ಕಬ್ಬಿಣದ ಅಂಶ ದೇಹಕ್ಕೆ ದಕ್ಕುವುದು ಕಡಿಮೆ. ಬೇಳೆ ಮತ್ತು ತರಕಾರಿ ಬೆರೆಸಿ ಮಸೆದ ಅನ್ನ, ಒಂದು ಚಮಚ ತುಪ್ಪ ಅಥವಾ ಎಣ್ಣೆ, ಸೊಪ್ಪು, ಬಾಳೆ ಅಥವಾ ಪರಂಗಿ ಹಣ್ಣು, ಸೇವಿಸುವ ಕುಟುಂಬಗಳಲ್ಲಿ ಮೊಟ್ಟೆ, ಮೀನು, ಮಾಂಸ ಇವುಗಳನ್ನು ಒಂದೊಂದಾಗಿ ಸೇರಿಸಬೇಕು. ಆರರಿಂದ ಎಂಟು ತಿಂಗಳವರೆಗೆ ದಿನಕ್ಕೆ ಎರಡು ಮೂರು ಬಾರಿ, ಒಂಬತ್ತು ತಿಂಗಳ ನಂತರ ಮೂರು ನಾಲ್ಕು ಬಾರಿ ಊಟ, ನಡುವೆ ಒಂದೆರಡು ಬಾರಿ ತಿಂಡಿ ನೀಡಬೇಕು. ಎದೆಹಾಲನ್ನು ಎರಡು ವರ್ಷದವರೆಗೆ ಮುಂದುವರಿಸಬೇಕು. ಬಿಸ್ಕತ್ತು, ಕುರುಕಲು ಮತ್ತು ಸಕ್ಕರೆಯ ಪಾನೀಯಗಳು ಮೈಯಲ್ಲಿ ಕೊಬ್ಬನ್ನು ಕೂಡಿಸುತ್ತವೆ, ಎತ್ತರವನ್ನಲ್ಲ. ಸರಸ್ವತಿಪುರಂನಂತಹ ಅನುಕೂಲಸ್ಥ ಬಡಾವಣೆಗಳಲ್ಲಿ ಕೊರತೆ ಕಾಣಿಸಿಕೊಳ್ಳುವುದು ಹೀಗೆ: ತಟ್ಟೆ ಖಾಲಿ ಇರುವುದಿಲ್ಲ, ತಟ್ಟೆಯಲ್ಲಿ ಇರಬೇಕಾದುದು ಇರುವುದಿಲ್ಲ.

ಆರು ತಿಂಗಳಿಂದ ಐದು ವರ್ಷದವರೆಗೆ ವಾರಕ್ಕೆ ಎರಡು ಬಾರಿ ಒಂದು ಮಿ.ಲೀ. ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲದ ಸಿರಪ್ಪನ್ನು, ಒಂಬತ್ತನೆಯ ತಿಂಗಳಿಂದ ಎ ಜೀವಸತ್ವದ ದ್ರಾವಣವನ್ನು ಆರೋಗ್ಯ ಇಲಾಖೆಯ ಮೂಲಕ ಉಚಿತವಾಗಿ ನೀಡಲಾಗುತ್ತದೆ.

ಚಲನೆಯ ವಿಕಾಸ

ವಿಶ್ವ ಆರೋಗ್ಯ ಸಂಸ್ಥೆಯ ಅದೇ ಅಧ್ಯಯನದಲ್ಲಿ ಆರೋಗ್ಯವಂತ ಮಕ್ಕಳು ಯಾವ ವಯಸ್ಸಿನಲ್ಲಿ ಯಾವ ಚಲನೆಯನ್ನು ಕಲಿಯುತ್ತಾರೆ ಎಂಬುದನ್ನೂ ದಾಖಲಿಸಲಾಯಿತು. ಆಧಾರವಿಲ್ಲದೆ ಕೂರುವುದು 3.8ರಿಂದ 9.2 ತಿಂಗಳ ನಡುವೆ, ಆಧಾರವಿಲ್ಲದೆ ನಿಲ್ಲುವುದು 6.9ರಿಂದ 16.9 ತಿಂಗಳ ನಡುವೆ, ತಾನಾಗಿ ನಡೆಯುವುದು 8.2ರಿಂದ 17.6 ತಿಂಗಳ ನಡುವೆ ಕಂಡುಬಂದಿತು. ಒಂಬತ್ತನೆಯ ತಿಂಗಳಲ್ಲಿ ನಡೆದ ಮಗುವೂ ಹದಿನೇಳನೆಯ ತಿಂಗಳಲ್ಲಿ ನಡೆದ ಮಗುವೂ ಸಹಜವೇ. ಶೇ. 4ಕ್ಕೂ ಹೆಚ್ಚು ಮಕ್ಕಳು ಅಂಬೆಗಾಲಿಡದೆಯೇ ನೇರವಾಗಿ ನಡೆಯಲು ಕಲಿತರು. ಎದುರು ಮನೆಯ ಮಗುವಿನೊಂದಿಗೆ ಹೋಲಿಸಿ ವಾಕರ್ ತಂದು ಕೂರಿಸುವುದರಿಂದ ನಡಿಗೆ ಬೇಗ ಬರುವುದಿಲ್ಲ. ಬೀಳುವ ಅಪಾಯ ಮಾತ್ರ ಹೆಚ್ಚುತ್ತದೆ.

ಆದರೆ ಒಂಬತ್ತು ಹತ್ತು ತಿಂಗಳಾದರೂ ಕೂರದ, ಹದಿನೆಂಟು ತಿಂಗಳಾದರೂ ನಡೆಯದ, ಒಂದೇ ಕೈಯನ್ನು ಸದಾ ಮುಷ್ಟಿ ಹಿಡಿದಿರುವ, ಕಲಿತ ಚಲನೆಯನ್ನು ಮರೆಯುವ ಮಗುವನ್ನು ತಡಮಾಡದೆ ವೈದ್ಯರಿಗೆ ತೋರಿಸಬೇಕು. ಶಬ್ದಕ್ಕೆ ಬೆಚ್ಚದ, ಕರೆದಾಗ ತಿರುಗದ ಮಗುವಿನ ಶ್ರವಣ ಪರೀಕ್ಷೆಗೆ ಸರಸ್ವತಿಪುರಂಗೆ ಸಮೀಪವಿರುವ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಸೌಲಭ್ಯವಿದೆ. ‘ಗಂಡುಮಕ್ಕಳು ಮಾತಾಡುವುದು ತಡ’ ಎಂದು ವರ್ಷಗಟ್ಟಲೆ ಕಾಯುವುದರಿಂದ ಚಿಕಿತ್ಸೆಯ ಅಮೂಲ್ಯ ಕಾಲ ಕಳೆದುಹೋಗುತ್ತದೆ.

ಲಭ್ಯವಿರುವ ಸೇವೆಗಳು

ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ದೇಶದಲ್ಲಿ 1975ರ ಅಕ್ಟೋಬರ್ 2ರಂದು ಆರಂಭವಾದಾಗ ಕರ್ನಾಟಕದಲ್ಲಿ ಅದಕ್ಕೆ ಪ್ರಾಯೋಗಿಕವಾಗಿ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರ. ನೂರು ಅಂಗನವಾಡಿ ಕೇಂದ್ರಗಳಿಂದ ಆರಂಭವಾದ ಯೋಜನೆ ಇಂದು ರಾಜ್ಯದ ಎಲ್ಲ ತಾಲ್ಲೂಕುಗಳಿಗೂ ವಿಸ್ತರಿಸಿದೆ. ಆರು ವರ್ಷದೊಳಗಿನ ಯಾವುದೇ ಮಗುವನ್ನು, ಕುಟುಂಬದ ಆದಾಯ ಎಷ್ಟೇ ಇರಲಿ, ಅಂಗನವಾಡಿಯಲ್ಲಿ ನೋಂದಾಯಿಸಿ ತೂಕ ಮತ್ತು ಎತ್ತರವನ್ನು ಉಚಿತವಾಗಿ ಅಳೆಸಬಹುದು. ಅಂಗನವಾಡಿ ಎಂಬುದು ಪಕ್ಕದ ಕನ್ನೇಗೌಡನ ಕೊಪ್ಪಲಿನಂತಹ ಸ್ಥಳಗಳ ಬಡ ಮಕ್ಕಳಿಗೆ ಮಾತ್ರ ಎಂಬ ಭಾವನೆ ಬಡಾವಣೆಗಳ ನಿವಾಸಿಗಳಲ್ಲಿದ್ದರೆ ಅದು ಸರಿಯಲ್ಲ. ಖಾಸಗಿ ಕ್ಲಿನಿಕ್ಕಿನಲ್ಲಿ ತೂಕ ಮಾತ್ರ ನೋಡಿಸಿಕೊಂಡು ಬರುವ ಮಗುವಿಗಿಂತ ಅಂಗನವಾಡಿಯಲ್ಲಿ ಎರಡನ್ನೂ ಅಳೆಸಿಕೊಂಡ ಮಗುವಿನ ವಿಷಯ ಹೆಚ್ಚು ತಿಳಿದಿರುತ್ತದೆ.

ಆಶಾ ಕಾರ್ಯಕರ್ತೆಯರು ಹೆರಿಗೆಯ ನಂತರ 42ನೆಯ ದಿನದವರೆಗೆ ನಿಗದಿತ ದಿನಗಳಂದು, ತದನಂತರ 3, 6, 9, 12 ಹಾಗೂ 15ನೆಯ ತಿಂಗಳುಗಳಲ್ಲಿ ಮನೆಗೆ ಭೇಟಿ ನೀಡುತ್ತಾರೆ. ಆರು ತಿಂಗಳು ಮೀರಿದ ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಇದ್ದಲ್ಲಿ ಅಥವಾ ಎರಡೂ ಪಾದಗಳು ಊದಿಕೊಂಡು ಬೆರಳಿನಿಂದ ಒತ್ತಿದಾಗ ಗುಳಿ ಬಿದ್ದಲ್ಲಿ ಅದು ತೀವ್ರ ಅಪೌಷ್ಟಿಕತೆಯ ಚಿಹ್ನೆ. ಊದಿಕೊಂಡ ಮಗು ದಪ್ಪಗಿರುವಂತೆ ಕಾಣುವುದರಿಂದ ಇಲ್ಲಿಯೂ ಕಣ್ಣು ಮೋಸಹೋಗುತ್ತದೆ. ಅಂತಹ ಮಗುವಿಗೆ ಜ್ವರ, ಭೇದಿ, ಹಸಿವಿಲ್ಲದಿರುವುದು ಮುಂತಾದ ತೊಂದರೆಗಳಿದ್ದಲ್ಲಿ ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ಸಾಮಾನ್ಯವಾಗಿ ಹದಿನಾಲ್ಕು ದಿನ ದಾಖಲಿಸಿ ಚಿಕಿತ್ಸೆ ನೀಡಲಾಗುತ್ತದೆ.

ಮೊದಲ ಹೆರಿಗೆ ತವರಿನಲ್ಲಿ ಆಗುವ ರೂಢಿಯಿಂದಾಗಿ ಮಗುವಿನ ಮೊದಲ ಮೂರರಿಂದ ಐದು ತಿಂಗಳ ಅಳತೆಗಳು ಬೇರೆ ಊರಿನಲ್ಲಿ ಉಳಿದು, ಮೈಸೂರಿಗೆ ಬಂದ ಮೇಲೆ ನಕ್ಷೆ ಹೊಸದಾಗಿ ಆರಂಭವಾಗುವುದು ಹಲವು ಪ್ರಕರಣಗಳಲ್ಲಿ ಕಂಡುಬರುತ್ತದೆ. ಹಿಂದಿನ ಚುಕ್ಕೆಗಳಿಲ್ಲದೆ ರೇಖೆ ಯಾವ ಕಡೆಗೆ ಸಾಗುತ್ತಿದೆ ಎಂಬುದನ್ನು ಹೇಳುವುದು ವೈದ್ಯರಿಗೂ ಕಷ್ಟ. ಆದ್ದರಿಂದ ಬಾಣಂತನ ಮುಗಿಸಿ ಹಿಂದಿರುಗುವಾಗ ತಾಯಿ ಕಾರ್ಡನ್ನು ಮರೆಯದೆ ತರುವುದು. ಕಾರ್ಡು ಕಳೆದುಹೋಗಿದ್ದಲ್ಲಿ ಹೆರಿಗೆಯಾದ ಆಸ್ಪತ್ರೆಯಿಂದ ಜನನದ ವೇಳೆಯ ತೂಕ, ಉದ್ದ ಹಾಗೂ ತಲೆಯ ಸುತ್ತಳತೆಯ ವಿವರವನ್ನು ಬರಹದಲ್ಲಿ ಪಡೆದು, ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಹೊಸ ಕಾರ್ಡಿನ ಮೊದಲ ಸಾಲಿನಲ್ಲಿ ನಮೂದಿಸಿಕೊಳ್ಳುವುದು.